ಡ್ರಮ್ಮುಗಳ ಮೇಲೆ ಕುಟ್ಟಿ ಲಾರಿ

ಸರ್ಕಸ್ಸಿನ ಮ್ಯಾನೇಜರ್ ನನ್ನ ಗ್ಯಾರೇಜಿಗೆ ಬಂದದ್ದು ಜೀಪಿನ ನಾಲ್ಕು ಚಕ್ರಗಳೊಂದಿಗೆ. ಡೇರೆ ಕಟ್ಟುವ ಆಳುಗಳು ಒಬ್ಬೊಬ್ಬರು ಒಂದೊಂದು ಚಕ್ರವನ್ನು ಗೋಣಿಕೊಪ್ಪಲಿನ ಪೇಟೆಬೀದಿಯಲ್ಲಿ ಉರುಳಿಸಿಕೊಂಡು ಅವರ ಹಿಂದೆ ಬರುತ್ತಿದ್ದರು. ಎಲ್ಲರಿಗಿಂತ ಹಿಂದೆ ಒಂದು ಎತ್ತಿನ ಗಾಡಿ. ಗಾಡಿಯ ಮೇಲೆ ತಗಡಿನ ಪುಟ್ಟ ಲಾರಿ.

ಲಾರಿ ಎಂದರೆ ನಿಜವಾದ ಲಾರಿಯದೇ ಆಕಾರ. ಮುಂದೆ ಮೂತಿ, ಎರಡು ದೀಪ, ಹಿಂದೆ ಸಾಮಾನು ತುಂಬುವ ತೊಟ್ಟಿ, ಎಲ್ಲವೂ ಇದ್ದವು. ಉದ್ದ ಮಾತ್ರ ಒಬ್ಬ ಮನುಷ್ಯ ಮಲಗಿದಷ್ಟು. ಒಳಗೆ ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ ಕೂರಿಸಿದ್ದರು. ಕೈಗಾಡಿಯ ಚಕ್ರದಂಥ ಸಣ್ಣ ಚಕ್ರಗಳು.

"ಮೇಸ್ತ್ರೀ, ಈ ದೊಡ್ಡ ಚಕ್ರ ಈ ಕುಟ್ಟಿ ಲಾರಿಗೆ ಆಗಬೇಕು," ಎಂದರು ಮ್ಯಾನೇಜರ್. ತಲಶ್ಶೇರಿ ಕಡೆಯವರು. ಗಡಿಯ ಕುಟ್ಟ ಊರಿನ ದಾರಿಯಾಗಿ ಬಂದು ಪೇಟೆಯ ಹೊರಗಿನ ಬಯಲಲ್ಲಿ ಡೇರೆ ಹಾಕುತ್ತಿದ್ದರು. "ಈಗ ಇದು ರಿಂಗಿನಲ್ಲಿ ಒಂದು ಸುತ್ತು ಹಾಕ್ತದೆ. ಜನ ನಗ್ತಾರೆ, ಮರೀತಾರೆ. ನನಗೆ ಇದು ಡ್ರಮ್ಮಿನ ಮೇಲೆ ಹತ್ತಬೇಕು. ಆ ಕಡೆ ಇಳೀಬೇಕು. ಓಡಿಸೋದು ಸಣ್ಣ ಮಗು. ಅಷ್ಟೇ."

ಕಾಫಿ ಪಿಕ್ಕಿಂಗ್ ಮುಗಿದು ಎಸ್ಟೇಟಿನ ಲೈನ್‌ಮನೆಗಳ ಕೂಲಿ ಜನರ ಕೈ ಬಿಡುವಾಗಿದ್ದ ಕಾಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಪೇಟೆಯ ಪೇಂಟರಿಗೆ ಸರ್ಕಾರಿ ಆಫೀಸುಗಳ ಬೋರ್ಡು ತಿದ್ದಿ ಬರೆಯುವುದೇ ಕೆಲಸವಾಗಿ ಬೇರೆ ಯಾವುದಕ್ಕೂ ಸಿಗುತ್ತಿರಲಿಲ್ಲ. ನಾನು ಸೈನ್ಯದ ವಾಹನ ರಿಪೇರಿ ವಿಭಾಗದಿಂದ ಬಂದು ಪೊನ್ನಂಪೇಟೆ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡಿದ್ದೆ. ಎಸ್ಟೇಟ್ ಜೀಪುಗಳ ಬ್ರೇಕು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಇಂಜಿನ್ನು, ಇಷ್ಟೇ ನನ್ನ ದಿನದ ಪಾಡು. ಸರ್ಕಸ್ಸಿನ ಕೆಲಸ ಬೇಡವೆನ್ನುವ ಮನಸ್ಸಾಗಲಿಲ್ಲ. ಇಂಥದ್ದೊಂದನ್ನು ಕಟ್ಟಿ ನೋಡುವ ಆಸೆ ನನಗೂ ಹುಟ್ಟಿತ್ತು.

ಮರುದಿನ ಓಡಿಸುವವಳು ಬಂದಳು. ಹತ್ತೋ ಹನ್ನೊಂದೋ ವರ್ಷದ ಹುಡುಗಿ. ಜೊತೆಗೆ ಅವಳ ತಾಯಿ. ತಾಯಿ ಸರ್ಕಸ್ಸಿನಲ್ಲಿ ಒಂಟಿಚಕ್ರದ ಸೈಕಲ್ ಓಡಿಸುತ್ತಿದ್ದವರು. ಎಡಗೈಯ ಮಣಿಕಟ್ಟು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಆಕೆ ಶೆಡ್ಡಿನ ಬಾಗಿಲಲ್ಲಿ ನಿಂತು ಒಳಗಿನ ಒಂದೊಂದು ಸಾಮಾನನ್ನೂ ನೋಡಿದರು. ಸ್ಟೂಲು ಕೊಟ್ಟರೂ ಕೂರಲಿಲ್ಲ.

ಹುಡುಗಿಯನ್ನು ಒಂದು ಮರದ ಪೆಟ್ಟಿಗೆಯ ಮೇಲೆ ಕೂರಿಸಿ, ಅವಳ ಕಾಲು ಎಲ್ಲಿಗೆ ಮುಟ್ಟುತ್ತದೆ, ಕೈ ಎಲ್ಲಿಗೆ ಬರುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಆಮೇಲೆ ಪಕ್ಕದ ಕಾಫಿ ವ್ಯಾಪಾರಿಯ ಮಂಡಿಯಿಂದ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿ ತಂದು ಪೆಡಲಿಗೆ ಕಟ್ಟಿ, "ಒತ್ತು ನೋಡುವ," ಎಂದೆ. ಅವಳು ಹಲ್ಲು ಕಚ್ಚಿ ಒತ್ತಿದಳು. ಬ್ರೇಕ್ ಹಿಡಿಯಲು ಬೇಕಾದ ಬಲದ ಅರ್ಧವೂ ಮುಳ್ಳಿನಲ್ಲಿ ಏರಲಿಲ್ಲ.

ಮೊದಲ ತೊಡಕು ಅಲ್ಲೇ ಕಂಡಿತು. ಚಕ್ರ ದೊಡ್ಡದಾದಷ್ಟೂ ಅದನ್ನು ತಡೆಯಲು ಹೆಚ್ಚು ಬಲ ಬೇಕು. ಸಣ್ಣ ಚಕ್ರಕ್ಕೆ ಸಾಕಾಗುತ್ತಿದ್ದ ಬ್ರೇಕು ಜೀಪಿನ ಚಕ್ರಕ್ಕೆ ಏನೂ ಅಲ್ಲ. ಕೈಯಿಂದ ಎಳೆಯುವ ಲಿವರ್ ಮಾಡಿ ನೋಡಿದೆ. ಅವಳು ಎರಡು ಕೈ ಹಾಕಿ, ಮೈಯನ್ನು ಹಿಂದಕ್ಕೆ ಚೆಲ್ಲಿ ಎಳೆದಾಗ ಹಿಡಿಯಿತು. ಆದರೆ ಎರಡು ಕೈ ಅಲ್ಲಿಗೆ ಹೋದರೆ ಸ್ಟಿಯರಿಂಗ್ ಹಿಡಿಯುವವರು ಯಾರು? ಅದನ್ನು ಬಿಚ್ಚಿ ಹಾಕಿದೆ. ಕೊನೆಗೆ ಪೆಡಲಿನ ಕಂಬಿಯನ್ನೇ ಉದ್ದ ಮಾಡಿ, ತಿರುಗುಗೂಟದ ಜಾಗ ಬದಲಿಸಿ, ಅವಳ ಬಲಗಾಲಿಗೆ ನಿಲುಕುವಂತೆ ಮರದ ತುಂಡು ಜೋಡಿಸಿದೆ. ಬ್ರೇಕು ಹಿಡಿಯುತ್ತಿತ್ತು, ಆದರೆ ಕಾಲನ್ನು ತುಂಬ ದೂರ ಒತ್ತಬೇಕಾಗಿತ್ತು. ಎಡಗಾಲಿಗೆ ಕ್ಲಚ್. ಇಂಜಿನ್ನಿನ ವೇಗ ಏರಿಸುವ ಥ್ರಾಟಲನ್ನು ಸ್ಟಿಯರಿಂಗಿನ ಪಕ್ಕದಲ್ಲಿ ಬಲಗೈಗೆ ಕೊಟ್ಟೆ. ಬೆರಳು ಬಿಟ್ಟರೆ ಸ್ಪ್ರಿಂಗು ಅದನ್ನು ತಾನಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು.

ಎರಡನೆಯ ತೊಡಕು ತಿರುಗುವುದರಲ್ಲಿ. ಹಿಂದಿನ ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದು ಓಡಿಸಿದಾಗ, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಲಾರಿ ಹಟಮಾರಿ ಹೋರಿಯಂತೆ ನೇರವೇ ಹೋಯಿತು. ಸರ್ಕಸ್ಸಿನ ರಿಂಗು ಸಣ್ಣದು, ಅಂಚಿನಲ್ಲೇ ಜನ ಕೂತಿರುತ್ತಾರೆ. ಒಂದೇ ಚಕ್ರಕ್ಕೆ ಇಂಜಿನ್ ಬಲ ಕೊಟ್ಟು ನೋಡಿದೆ. ಚೆನ್ನಾಗಿ ತಿರುಗಿತು. ಆದರೆ ಹಲಗೆ ಹತ್ತಿಸುವಾಗ ಒಂದು ಪಕ್ಕಕ್ಕೆ ಎಳೆದು ಹಲಗೆಯಿಂದ ಜಾರಿತು.

ಗ್ಯಾಸ್ ವೆಲ್ಡಿಂಗಿನ ಸಾಹೇಬರು ನನಗಿಂತ ಹಿರಿಯರು. ನನ್ನ ಶೆಡ್ಡಿನ ಪಕ್ಕದಲ್ಲೇ ಅವರದೂ ಶೆಡ್ಡು. ಮರದ ದಿಮ್ಮಿ ಎಳೆಯುವ ಹಳೆಯ ಕೈವಿಂಚು ಎರಡು ಅವರ ಹತ್ತಿರ ಬಿದ್ದಿದ್ದವು. ವಿಂಚಿನಲ್ಲಿ ಒಂದು ಹಲ್ಲಿನ ಚಕ್ರ, ಅದನ್ನು ಕಚ್ಚುವ ಒಂದು ನಾಲಿಗೆ ಇರುತ್ತದೆ. ಒಂದು ಕಡೆಗೆ ಕಚ್ಚುತ್ತದೆ, ಇನ್ನೊಂದು ಕಡೆಗೆ ಟಕಟಕ ಎಂದು ಜಾರುತ್ತದೆ. ಅದನ್ನು ಎರಡು ಹಿಂಚಕ್ರಗಳಿಗೂ ಕೂರಿಸಿದರೆ ನೇರ ಹೋಗುವಾಗ ಎರಡಕ್ಕೂ ಬಲ ಸಿಗುತ್ತದೆ, ತಿರುಗುವಾಗ ಹೊರಗಿನ ಚಕ್ರ ತನ್ನಷ್ಟಕ್ಕೆ ಮುಂದೆ ಓಡುತ್ತದೆ. ಇಬ್ಬರೂ ಕೂತು ಅದನ್ನು ಮಾಡಿದೆವು. ಮೊದಲ ಸಲ ಬೆಸುಗೆ ಬಿಟ್ಟಿತು. ಎರಡನೆಯ ಸಲ ನಾಲಿಗೆಯ ಸ್ಪ್ರಿಂಗು ಹಾರಿ ಸಾಹೇಬರ ಕನ್ನಡಕ ಒಡೆಯಿತು.

"ಮೇಸ್ತ್ರಿ, ಇದು ನಿಲ್ಲೋದಿಲ್ಲಾ ಅಂತ ಕಾಣ್ತದೆ," ಎಂದರು ಸಾಹೇಬರು.

"ಇನ್ನೊಂದು ಸಲ ನೋಡುವ ಸಾಹೇಬ್ರೆ."

ಮೂರನೆಯ ಸಲ ನಿಂತಿತು. ಕುಟ್ಟಿ ಲಾರಿ ದೊಡ್ಡ ಚಕ್ರಗಳ ಮೇಲೆ ಎದ್ದು ನಿಂತಾಗ ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಚಕ್ರ ಆ ಹುಡುಗಿಯ ಸೊಂಟಕ್ಕಿಂತ ಎತ್ತರ. ಅವಳು ಚಕ್ರದ ಮೇಲೆ ಕಾಲಿಟ್ಟೇ ಸೀಟಿಗೆ ಹತ್ತಬೇಕಾಗಿತ್ತು.

ಶೆಡ್ಡಿನ ಹಿಂದೆ ಇಳಿಜಾರು, ಅದರ ಕೆಳಗೆ ಕೊಯ್ಲಾಗಿ ಒಣಗಿದ್ದ ಗದ್ದೆ. ಮೊದಲ ಪರೀಕ್ಷೆ ಅಲ್ಲೇ. ಗದ್ದೆಯಲ್ಲಿ ಸುತ್ತು ಹಾಕಿದಳು. ಇಳಿಜಾರನ್ನು ಹತ್ತಿ ಬಂದಳು. ನಾನು ಕೈ ಎತ್ತಿದಾಗ ನಿಲ್ಲಿಸಿದಳು. ಮುಖದಲ್ಲಿ ನಗೆ ಇಲ್ಲ, ಹೆದರಿಕೆಯೂ ಇಲ್ಲ. ಯಾವಾಗಲೂ ಹಾಗೆಯೇ ಇರುವ ಹುಡುಗಿ.

"ಈಗ ಮೆಲ್ಲ ಇಳಿಸು," ಎಂದೆ.

ಇಳಿಸಿದಳು. ಲಾರಿ ಮೆಲ್ಲಗೆ ಇಳಿಯಲಿಲ್ಲ. ಜಾರು ಶುರುವಾಗುತ್ತಿದ್ದಂತೆ ಹಿಂಚಕ್ರಗಳು ಟಕಟಕ ಎಂದು ಸದ್ದು ಮಾಡುತ್ತ ಇಂಜಿನ್ನಿನ ಹಿಡಿತ ಬಿಟ್ಟು ಓಡಿದವು. ಅವಳು ಬ್ರೇಕ್ ಒತ್ತಿದ್ದು ನನಗೆ ಕಂಡಿತು. ಕಾಲು ಪೂರ್ತಿ ಚಾಚಿ, ಸೀಟಿನಿಂದ ಜಾರಿ ಒತ್ತುತ್ತಿದ್ದಳು. ಲಾರಿ ಗದ್ದೆಯ ಬದುವಿಗೆ ಬಡಿದು, ಒಂದು ಪಕ್ಕದ ಎರಡು ಚಕ್ರಗಳ ಮೇಲೆ ಎದ್ದು, ಅಲ್ಲೇ ಒಂದು ಕ್ಷಣ ತೂಗಿತು. ಅಷ್ಟರಲ್ಲಿ ಹುಡುಗಿ ಹಾರಿ ಗದ್ದೆಯಲ್ಲಿ ಉರುಳಿ ಎದ್ದು ನಿಂತಿದ್ದಳು. ಲಾರಿ ಮಗುಚಲಿಲ್ಲ. ಧಡ್ ಎಂದು ನಾಲ್ಕೂ ಚಕ್ರ ಊರಿ, ಚಾಲಕಿ ಇಲ್ಲದೆ, ಕೂಳೆಯ ಮೇಲೆ ಇನ್ನೊಂದಷ್ಟು ದೂರ ಹೋಗಿ ಒಂದು ತಗ್ಗಿನಲ್ಲಿ ಸಿಕ್ಕಿ ನಿಂತಿತು. ಇಂಜಿನ್ ಬಡಿದುಕೊಳ್ಳುತ್ತಲೇ ಇತ್ತು.

ನಾನು ಓಡಿ ಹೋದೆ. ಹುಡುಗಿ ಲಂಗದ ಧೂಳು ಕೊಡವಿಕೊಂಡು, "ಮೇಸ್ತ್ರಿ ಮಾಮಾ, ಇಳಿಯುವಾಗ ಅದು ನನ್ನ ಮಾತು ಕೇಳೋದಿಲ್ಲ," ಎಂದಳು.

ಅವಳು ಹೇಳಿದ್ದು ಸರಿ. ತಿರುಗಲಿ ಎಂದು ನಾವು ಹಾಕಿದ ಹಲ್ಲುಚಕ್ರವೇ ಇಳಿಯುವಾಗಿನ ಅಪಾಯವಾಗಿತ್ತು. ಸಾಮಾನ್ಯ ಗಾಡಿಯಲ್ಲಿ ಇಳಿಜಾರಿನಲ್ಲಿ ಇಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ. ಇಲ್ಲಿ ಚಕ್ರ ಮುಂದಕ್ಕೆ ಓಡಿದರೆ ಇಂಜಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ಹತ್ತುವಾಗ ಹಿಂದಕ್ಕೆ ಜಾರಿದರೆ ನಾಲಿಗೆ ಕಚ್ಚಿ ಇಂಜಿನ್ ಹಿಡಿದುಕೊಳ್ಳುತ್ತದೆ. ಇಳಿಯುವಾಗ ಹಿಡಿಯುವುದು ಆ ಮಗುವಿನ ಕಾಲು ಮಾತ್ರ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯವಳಿಗೆ ಹೇಳಿದೆ. ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಆ ಗೂಡೆಗೆ ಏನಾರ್ ಆದ್ರೆ ಎಂತ ಮಾಡ್ದು?" ಎಂದಳು. ಹುಡುಗಿಗೆ ನಮ್ಮ ಅರೆಭಾಷೆಯಲ್ಲಿ ಗೂಡೆ ಎನ್ನುತ್ತೇವೆ. ನಾನು ಅರ್ಧ ಊಟಕ್ಕೇ ಎದ್ದು ಶೆಡ್ಡಿಗೆ ಹೋದೆ.

ಬ್ರೇಕಿನ ಪಟ್ಟಿಗಳನ್ನು ಬದಲಿಸಿದೆ. ಗೇರು ಒಂದರಲ್ಲೇ ನಿಲ್ಲುವಂತೆ ಗೇರಿನ ಕಡ್ಡಿಯನ್ನೇ ಕಿತ್ತೆ. ಆಮೇಲೆ ಒಂದು ಬೆಣೆ ಮಾಡಿದೆ. ಮೋಟಾರ್ ಸೈಕಲ್ ಇಂಜಿನ್ನಿನಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇರುತ್ತದೆ. ಅದರ ತಂತಿಯನ್ನು ಲಾರಿಯ ಕಬ್ಬಿಣದ ಚೌಕಟ್ಟಿಗೆ ಮುಟ್ಟಿಸಿದರೆ ಕಿಡಿ ಸತ್ತು ಇಂಜಿನ್ ನಿಲ್ಲುತ್ತದೆ. ಎರಡು ತಾಮ್ರದ ಪಟ್ಟಿಗಳ ನಡುವೆ ಹಲಸಿನ ಮರದ ಒಂದು ಬೆಣೆ ಸಿಕ್ಕಿಸಿದೆ. ಬೆಣೆ ಇರುವವರೆಗೆ ಪಟ್ಟಿಗಳು ದೂರ, ಇಂಜಿನ್ ಓಡುತ್ತದೆ. ಬೆಣೆ ಕಿತ್ತರೆ ಪಟ್ಟಿಗಳು ಕೂಡಿ ಇಂಜಿನ್ ಸಾಯುತ್ತದೆ. ಬೆಣೆಗೆ ಒಂದು ದಾರ, ದಾರದ ಇನ್ನೊಂದು ತುದಿ ಹುಡುಗಿಯ ಸೊಂಟದ ಪಟ್ಟಿಗೆ. ಅವಳು ಹಾರಿದರೆ, ಬಿದ್ದರೆ, ಬೆಣೆ ತಾನಾಗಿ ಬರುತ್ತದೆ. ಬೇಕಾದಾಗ ಕೈಯಲ್ಲೂ ಕೀಳಬಹುದು.

"ಏನೇ ತೊಂದರೆ ಆಗಲಿ, ಮೊದಲು ಬೆಣೆ," ಎಂದು ಹುಡುಗಿಗೆ ಹೇಳಿದೆ. ತಲೆ ಆಡಿಸಿದಳು.

ಸರ್ಕಸ್ ಶುರುವಾಗುವ ದಿನ ಮಧ್ಯಾಹ್ನ ಕುಟ್ಟಿ ಲಾರಿಯನ್ನು ಡೇರೆಗೆ ಸಾಗಿಸಿದೆವು. ರಿಂಗಿನಲ್ಲಿ ಡಾಂಬರಿನ ಖಾಲಿ ಡ್ರಮ್ಮುಗಳನ್ನು ಅಡ್ಡಡ್ಡ ಮಲಗಿಸಿ, ಮರಳು ತುಂಬಿ, ಸರಪಣಿಯಿಂದ ಬಿಗಿದಿದ್ದರು. ನಾನು ಒಂದು ವರಸೆ ಸಾಕು ಎಂದಿದ್ದೆ. ಮ್ಯಾನೇಜರ್ ಅದರ ಮೇಲೆ ಇನ್ನೊಂದು ವರಸೆ ಏರಿಸಿದ್ದರು. ನನ್ನ ಎದೆಮಟ್ಟ ಬರುತ್ತಿತ್ತು. ಈ ಕಡೆ ಹತ್ತಲು ಹಲಗೆ, ಆ ಕಡೆ ಇಳಿಯಲು ಹಲಗೆ. ಇಳಿಯುವ ಹಲಗೆ ಮುಗಿದಲ್ಲಿಂದ ಪ್ರೇಕ್ಷಕರ ಮೊದಲ ಸಾಲಿಗೆ ಒಂದು ಜೀಪು ನಿಲ್ಲಿಸುವಷ್ಟು ಜಾಗವೂ ಇಲ್ಲ. ನೆಲದ ಸಾಲು ಅದು. ಮಕ್ಕಳು ಕೂರುವ ಜಾಗ.

ಅದರ ಮಾತು ಎತ್ತುವಷ್ಟರಲ್ಲಿ ಮಳೆ ಬಂತು.

ಹೂಮಳೆ. ಕಾಫಿ ಹೂ ಅರಳಲು ತೋಟದವರೆಲ್ಲ ಆಕಾಶ ನೋಡುತ್ತ ಕಾಯುವ ಮಳೆ. ಹೊರಗೆ ಪೇಟೆಯ ಜನ ಅಂಗಡಿ ಜಗಲಿಗಳಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಮ್ಯಾನೇಜರ್ ಕೂಡ ಕೈ ಉಜ್ಜಿಕೊಂಡರು. ಮಳೆ ಬಿದ್ದ ಖುಷಿಗೆ ಸಂಜೆ ಇಡೀ ಊರು ಸರ್ಕಸ್ಸಿಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ನಾನು ಮಾತ್ರ ಡೇರೆಯ ಹೊಲಿಗೆಗಳಿಂದ ಹಲಗೆಯ ಮೇಲೆ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡುತ್ತಿದ್ದೆ.

ಮಳೆ ನಿಂತ ಮೇಲೆ ಹುಡುಗಿ ಇಲ್ಲದೆ, ಹಗ್ಗ ಕಟ್ಟಿ, ನಾಲ್ಕು ಆಳುಗಳಿಂದ ಲಾರಿಯನ್ನು ಇಳಿಸಿ ನೋಡಿದೆ. ಬ್ರೇಕ್ ಪೆಡಲನ್ನು ಒತ್ತಿ ಕಟ್ಟಿದ್ದೆ. ಬ್ರೇಕಿನ ಪಟ್ಟಿಗಳು ಒದ್ದೆ, ಹಲಗೆಯೂ ಒದ್ದೆ. ಚಕ್ರ ತಿರುಗದೆ ನಿಂತರೂ ಲಾರಿ ಹಲಗೆಯ ಮೇಲೆ ಸೋಪಿನಂತೆ ಜಾರಿತು. ನಾಲ್ವರು ಹಗ್ಗ ಹಿಡಿದು ಕಾಲು ಊರಿದರೂ ಅದು ಮೊದಲ ಸಾಲಿನ ಬಿದಿರಿನ ಬೇಲಿಯನ್ನು ಮುರಿದೇ ನಿಂತಿತು.

ನಾನು ಬಗ್ಗಿ ಇಂಜಿನ್ನಿನ ಚೈನಿನ ಕೊಂಡಿಯನ್ನು ಕಳಚಿ ಜೇಬಿಗೆ ಹಾಕಿಕೊಂಡೆ.

"ಎಂದಾ ಮೇಸ್ತ್ರೀ, ಏನು ಮಾಡ್ತಿದ್ದೀರಿ?" ಎಂದು ಮಲಯಾಳ ಬೆರೆಸಿ ಕೇಳಿದರು ಮ್ಯಾನೇಜರ್.

"ಇಳಿಸೋದು ಬೇಡ. ಹತ್ತಿ ಮೇಲೆ ನಿಲ್ಲಲಿ. ಆಟ ಅಲ್ಲಿಗೆ ಮುಗೀಲಿ."

"ಮೇಲೆ ನಿಂತು? ಆಮೇಲೆ?"

"ಆಮೇಲೆ ಹುಡುಗಿ ಎದ್ದು ನಿಂತು ಕೈ ಬೀಸಲಿ. ಕತ್ತಲೆ ಮಾಡಿ. ಆಳುಗಳು ಇಳಿಸ್ತಾರೆ."

"ಜನ ಎಂತ ಹೇಳ್ತಾರೆ? ಹತ್ತಿದ್ದು ಇಳಿಯದಿದ್ದರೆ ಅದು ಆಟವಾ? ಊರಿಡೀ ಬೋರ್ಡು ಹಾಕಿದ್ದೇನೆ." ಅವರ ಧ್ವನಿ ಏರಲಿಲ್ಲ. ದಣಿದ ಧ್ವನಿ. "ನನಗೆ ಆನೆ ಉಂಟು, ಕುದುರೆ ಉಂಟು, ಇಷ್ಟು ಜನ ಇದ್ದಾರೆ. ಎಲ್ಲರ ಹೊಟ್ಟೆ ನೋಡಬೇಕು. ನಿಮಗೆ ಅದು ಅರ್ಥ ಆಗೋದಿಲ್ಲ."

"ಅರ್ಥ ಆಗ್ತದೆ. ಆದರೆ ಇಳಿಯುವ ಹಲಗೆ ತೆಗೆಯದೆ ನಾನು ಈ ಕೊಂಡಿ ಹಾಕೋದಿಲ್ಲ."

ಹುಡುಗಿಯ ತಾಯಿ ಪರದೆಯ ಹತ್ತಿರ ನಿಂತು ಕೇಳುತ್ತಿದ್ದರು. ಮುಂದೆ ಬಂದು ಡ್ರಮ್ಮುಗಳನ್ನು ನೋಡಿದರು. "ಮೇಲೆ ನಿಲ್ಲಿಸಲಿಕ್ಕೆ ಆಗದಿದ್ದರೆ?" ಎಂದು ನನ್ನನ್ನು ಕೇಳಿದರು. ಮಲಯಾಳದಲ್ಲೇ ಕೇಳಿದರು, ನನಗೆ ಅರ್ಥವಾಯಿತು. ಅದು ಸರಿಯಾದ ಪ್ರಶ್ನೆ. ಮೇಲೆ ನಿಲ್ಲಿಸುವುದಕ್ಕೂ ಅದೇ ಬ್ರೇಕು ಬೇಕಲ್ಲ.

ಅವರ ಪ್ರಶ್ನೆ ಕೇಳಿದ ಮೇಲೆ ನಾನು ಡ್ರಮ್ಮುಗಳ ಸುತ್ತ ಬಹಳ ಹೊತ್ತು ನಡೆದೆ. ಕೊನೆಗೆ ಹೊಳೆದದ್ದು ಸುಲಭದ ಉಪಾಯ. ಮೇಲಿನ ವರಸೆಯ ನಡುವಿನ ಡ್ರಮ್ಮುಗಳನ್ನೇ ತೆಗೆದುಬಿಟ್ಟರೆ ಅಲ್ಲಿ ಒಂದು ಹಳ್ಳ ಆಗುತ್ತದೆ. ಲಾರಿಯ ಮುಂದಿನ ಚಕ್ರಗಳು ಆ ಹಳ್ಳಕ್ಕೆ ಇಳಿದು ಮುಂದಿನ ಡ್ರಮ್ಮಿಗೆ ಆತು ನಿಲ್ಲುತ್ತವೆ. ಬ್ರೇಕ್ ಹಿಡಿಯಲಿ ಬಿಡಲಿ, ಮೆಲ್ಲಗೆ ಹೋದರೆ ಅದನ್ನು ದಾಟಲಾರವು. ಬೀಳುವ ಪೆಟ್ಟು ತಡೆಯಲು ಮಂಡಿಯಿಂದ ಕಾಫಿ ಹೊಟ್ಟಿನ ಗೋಣಿಚೀಲಗಳನ್ನು ತರಿಸಿ ಹಳ್ಳಕ್ಕೆ ಹಾಸಿದೆವು. ಇಳಿಯುವ ಹಲಗೆಯನ್ನು ಆಳುಗಳು ಹೊತ್ತುಕೊಂಡು ಹೊರಗೆ ಹೋದರು. ಮ್ಯಾನೇಜರ್ ತಡೆಯಲಿಲ್ಲ, ಒಪ್ಪಿದೆ ಎನ್ನಲೂ ಇಲ್ಲ. ನಾನು ಜೇಬಿನಿಂದ ಕೊಂಡಿ ತೆಗೆದು ಚೈನಿಗೆ ಮತ್ತೆ ಹಾಕಿದೆ.

"ನೀವು ಎಲ್ಲಿ ನಿಲ್ತೀರಿ ಏಟ್ಟಾ?" ಎಂದರು ತಾಯಿ. ಅಣ್ಣ ಎನ್ನುವುದಕ್ಕೆ ಅವರ ಕಡೆಯ ಮಾತು ಅದು.

"ಡ್ರಮ್ಮಿನ ಹತ್ತಿರವೇ ನಿಲ್ತೇನೆ."

ಗ್ರೀಸು ಮೆತ್ತಿದ ಬಟ್ಟೆಯಲ್ಲಿ ರಿಂಗಿಗೆ ಬರುವಂತಿಲ್ಲ ಎಂದರು ಮ್ಯಾನೇಜರ್. ಹಾಗಾಗಿ ನನಗೆ ಜೋಕರನ ಕೋಟು ತೊಡಿಸಿದರು. ಕೆಂಪು ಹಳದಿ ಪಟ್ಟೆಯ, ಮೊಣಕಾಲಿನವರೆಗೆ ಬರುವ ಕೋಟು. ಕೈಯಲ್ಲಿ ಚಕ್ರಕ್ಕೆ ಅಡ್ಡ ಕೊಡುವ ಮರದ ದಿಂಡು.

ಸಂಜೆಯ ಆಟಕ್ಕೆ ಜನ ತುಂಬಿ ಹೋಗಿದ್ದರು. ತಿತಿಮತಿಯಿಂದ, ಪೊನ್ನಂಪೇಟೆಯಿಂದ ಜೀಪುಗಳಲ್ಲಿ, ಎಸ್ಟೇಟ್ ಲಾರಿಗಳಲ್ಲಿ ಬಂದಿದ್ದರು. ಒದ್ದೆ ಮಣ್ಣು, ಬೀಡಿ, ಆನೆಯ ಲದ್ದಿ, ಎಲ್ಲದರ ವಾಸನೆ ಒಟ್ಟಿಗೆ. ಮುರಿದ ಬಿದಿರಿನ ಬೇಲಿಯನ್ನು ಹಗ್ಗದಲ್ಲಿ ಕಟ್ಟಿದ್ದರು. ಅದರ ಹಿಂದೆ ಮಕ್ಕಳ ಸಾಲು.

ಬ್ಯಾಂಡು ಬಾರಿಸಿತು. ಪರದೆ ಸರಿಯಿತು. ಕುಟ್ಟಿ ಲಾರಿ ಹೊರಗೆ ಬಂದಾಗ ಜನರೆಲ್ಲ ಒಂದೇ ಬಾರಿಗೆ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಹೊಳೆಯುವ ಅಂಗಿ ತೊಟ್ಟು, ಎತ್ತರದ ಆ ಸೀಟಿನಲ್ಲಿ ಹುಡುಗಿ ನೇರ ಕೂತಿದ್ದಳು. ರಿಂಗಿನಲ್ಲಿ ಒಂದು ಸುತ್ತು ಬಂದಳು. ಚಕ್ರಗಳು ಚೆನ್ನಾಗಿ ತಿರುಗಿದವು. ಹಲಗೆಯ ಎದುರು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ತಲೆ ಆಡಿಸಿದೆ.

ಲಾರಿ ಹತ್ತತೊಡಗಿತು. ಮುಂದಿನ ಚಕ್ರಗಳು ಹಲಗೆ ದಾಟಿ ಮೇಲಿನ ಡ್ರಮ್ಮಿಗೆ ಬಂದವು. ಅಲ್ಲಿ ಅವಳು ಥ್ರಾಟಲ್ ಬಿಡಬೇಕು. ಬಿಟ್ಟಳು, ಬೆರಳು ಎತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಇಂಜಿನ್ನಿನ ಸದ್ದು ಇಳಿಯಲಿಲ್ಲ. ಲಾರಿ ಮುಂದಕ್ಕೆ ನುಗ್ಗಿ ಹಳ್ಳಕ್ಕೆ ಧಡ್ ಎಂದು ಇಳಿಯಿತು. ಮೂತಿ ಕೆಳಗಾಗಿ, ಹಿಂಬದಿ ಎದ್ದಿತು. ಹೊಟ್ಟಿನ ಚೀಲ ಒಡೆದು ಧೂಳು ಹಾರಿತು. ಜನ ಚಪ್ಪಾಳೆ ತಟ್ಟಿದರು.

ಹುಡುಗಿ ಕ್ಲಚ್ ಒತ್ತಿ ಹಿಡಿದಿದ್ದಳು. ಅದೊಂದರಿಂದಲೇ ಲಾರಿ ನಿಂತಿತ್ತು. ಇಂಜಿನ್ ಪೂರ್ತಿ ವೇಗದಲ್ಲಿ ಕಿರುಚುತ್ತಿತ್ತು. ಕ್ಲಚ್ ಬಿಟ್ಟರೆ ಆ ಬಲವೆಲ್ಲ ಹಿಂಚಕ್ರಕ್ಕೆ ಬಂದು ಮುಂದಿನ ಡ್ರಮ್ಮುಗಳನ್ನು ತಳ್ಳುತ್ತದೆ. ಅವು ಉರುಳಿದರೆ ಬೀಳುವುದು ಮಕ್ಕಳ ಸಾಲಿನ ಕಡೆಗೆ. ಅವಳ ಎಡಗಾಲು ನಡುಗುತ್ತಿರುವುದು ನನಗೆ ಕೆಳಗಿನಿಂದ ಕಾಣುತ್ತಿತ್ತು.

"ಬೆಣೆ," ಎಂದು ಕೂಗಿದೆ. ಇಂಜಿನ್ನಿನ ಸದ್ದಿನಲ್ಲಿ ನನ್ನ ಧ್ವನಿ ನನಗೇ ಕೇಳಲಿಲ್ಲ. ಕೈ ಸನ್ನೆ ಮಾಡಿದೆ, ಸೊಂಟ ತೋರಿಸಿದೆ, ಎಳೆಯುವಂತೆ ಮಾಡಿ ತೋರಿಸಿದೆ. ಪಟ್ಟೆ ಕೋಟಿನ ಜೋಕರ್ ಕುಣಿಯುತ್ತಿದ್ದಾನೆಂದು ಜನ ನಗತೊಡಗಿದರು. ಡ್ರಮ್ಮು ಹತ್ತಲು ಹೋದೆ. ಒದ್ದೆ ತಗಡಿನ ಮೇಲೆ ಕಾಲು ಜಾರಿ ಮೊಣಕಾಲು ಊರಿ ಬಿದ್ದೆ. ಇನ್ನೂ ಜೋರಾಗಿ ನಕ್ಕರು. ಸರಪಣಿ ಕಿರ್ ಎಂದಿತು. ಮತ್ತೆ ಹತ್ತಿದೆ. ಲಾರಿಯ ಅಂಚು ಕೈಗೆ ಸಿಗಲು ಒಂದು ಗೇಣು ಇತ್ತು.

ಆಗ ಹುಡುಗಿ ಎದ್ದು ನಿಂತಳು.

ಕಾಲು ಕ್ಲಚ್ಚಿನಿಂದ ಬಂತು. ಲಾರಿ ಒಂದು ಸಲ ಮುಂದಕ್ಕೆ ಒದೆಯಿತು. ಮುಂದಿನ ಡ್ರಮ್ಮು ಕದಲಿದ್ದು ನನ್ನ ಎದೆಗೇ ತಾಗಿದಂತೆ ಆಯಿತು. ಅದೇ ಕ್ಷಣ ದಾರ ಬಿಗಿದು, ಬೆಣೆ ಕಿತ್ತು, ಇಂಜಿನ್ ಸತ್ತಿತು. ಡೇರೆಯೆಲ್ಲ ಮೌನ. ಹುಡುಗಿ ಸೀಟಿನ ಮೇಲೆ ನಿಂತು ಎರಡೂ ಕೈ ಎತ್ತಿ ಬೀಸಿದಳು.

ಆಮೇಲೆ ಬಿದ್ದಂಥ ಚಪ್ಪಾಳೆಯನ್ನು ನಾನು ಮತ್ತೆಂದೂ ಕೇಳಿಲ್ಲ. ಜನ ಎದ್ದು ನಿಂತು ಸಿಳ್ಳೆ ಹಾಕಿದರು. ನಾನು ಡ್ರಮ್ಮನ್ನು ತಬ್ಬಿಕೊಂಡೇ ಇದ್ದೆ.

ಪರದೆಯ ಹಿಂದೆ ತಾಯಿ ಮಗಳನ್ನು ಪೆಟ್ಟಿಗೆಯ ಮೇಲೆ ಕೂರಿಸಿ, ಬಗ್ಗಿ ನಿಂತು ಅವಳ ಎಡಗಾಲನ್ನು ಉಜ್ಜುತ್ತಿದ್ದರು. ನಾನು ಹೋಗಿ ಹುಡುಗಿಯ ಪಕ್ಕದಲ್ಲಿ ಕೂತೆ.

"ಬೆಣೆ ಯಾಕೆ ಕೀಳಲಿಲ್ಲ?" ಎಂದು ಕೇಳಿದೆ.

"ನೆನಪಾಗಲಿಲ್ಲ," ಎಂದಳು. "ಎದ್ದು ನಿಲ್ಲುವ ಹೊತ್ತಾಯ್ತು ಅಂತ ನಿಂತೆ."

ತಾಯಿಯ ಕೈ ನಿಂತಿತು. ಆಕೆ ನನ್ನನ್ನು ನೋಡಿದರು. ನನಗೆ ತಲೆ ಎತ್ತಲಾಗಲಿಲ್ಲ. ಅವಳು ಹಾರಿದರೆ ಬಿದ್ದರೆ ಎಂದು ಯೋಚಿಸಿ ದಾರ ಕಟ್ಟಿದ್ದೆ. ಭಯದಲ್ಲಿ ಕೈ ಬೆಣೆಯನ್ನು ಮರೆಯುತ್ತದೆ ಎಂದು ಯೋಚಿಸಿರಲಿಲ್ಲ.

ಮ್ಯಾನೇಜರ್ ಬಂದರು. ಮುಖ ಅರಳಿತ್ತು. "ಮೇಸ್ತ್ರೀ, ನಾಳೆಯೂ ಹೀಗೇ ಆಗಬೇಕು. ಆ ಸದ್ದು, ನಿಮ್ಮ ಓಟ, ನೀವು ಬಿದ್ದದ್ದು, ಎಲ್ಲ. ಇಳಿಯದಿದ್ದರೂ ಅಡ್ಡಿ ಇಲ್ಲ."

"ಅದು ಆಟ ಅಲ್ಲ. ಥ್ರಾಟಲ್ ಸಿಕ್ಕಿಹಾಕಿಕೊಂಡಿತ್ತು."

ಅವರು ಪರದೆ ಸರಿಸಿ ಜನರ ಕಡೆ ನೋಡಿದರು. "ಜನರಿಗೆ ಅದು ಗೊತ್ತಿಲ್ಲವಲ್ಲ," ಎಂದರು.

ಲಾರಿಯ ಹತ್ತಿರ ಹೋಗಿ ಥ್ರಾಟಲಿನ ಕೇಬಲನ್ನು ಎಳೆದು ತೆಗೆದೆ. ಒಳಗಿನ ಉಕ್ಕಿನ ಎಳೆಗಳಲ್ಲಿ ಒಂದು ತುಂಡಾಗಿ, ಮೀನಿನ ಮುಳ್ಳಿನಂತೆ ಹೊರಗೆ ಚಾಚಿ, ಕೊಳವೆಗೆ ಕಚ್ಚಿಕೊಂಡಿತ್ತು. ಹತ್ತು ಸಲ ಎಳೆದರೆ ಒಂಬತ್ತು ಸಲ ವಾಪಸು ಬರುತ್ತಿತ್ತೋ ಏನೋ. ಮ್ಯಾನೇಜರಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳ ತುದಿಯಿಂದ ಆ ಎಳೆಯನ್ನು ಮುಟ್ಟಿದರು.

"ಹೊಸದು ಎಲ್ಲಿ ಸಿಗ್ತದೆ?" ಎಂದರು.

"ಮೈಸೂರಿನಲ್ಲಿ. ಬೆಳಗಿನ ಬಸ್ಸಿಗೆ ಯಾರನ್ನಾದರೂ ಕಳಿಸಿ."

ಕಳಿಸಿದರು. ಕೇಬಲ್ ಮರುದಿನ ಮಧ್ಯಾಹ್ನಕ್ಕೆ ಬಂತು. ಸಾಹೇಬರು ಡ್ರಮ್ಮುಗಳಿಗೆ ಕಬ್ಬಿಣದ ಪಟ್ಟಿ ಬೆಸೆದು ಒಂದಕ್ಕೊಂದು ಜೋಡಿಸಿದರು. ಮಕ್ಕಳ ಸಾಲನ್ನು ಇನ್ನೊಂದು ಬದಿಗೆ ಹಾಕಿಸುವಂತೆ ನಾನು ಕೇಳಿದೆ. ಮ್ಯಾನೇಜರ್ ಗೊಣಗುತ್ತ ಹಾಕಿಸಿದರು.

ಹುಡುಗಿಯನ್ನು ಲಾರಿಯಲ್ಲಿ ಕೂರಿಸಿ, ಹಿಂದಿನ ಅಚ್ಚಿಗೆ ಮರದ ದಿಮ್ಮಿ ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿದೆ. ಪೂರ್ತಿ ವೇಗಕ್ಕೆ ಏರಿಸು ಎಂದೆ. ಏರಿಸಿದಳು. ಯಾವ ಸೂಚನೆಯೂ ಇಲ್ಲದೆ ತಗಡಿನ ಮೇಲೆ ಸುತ್ತಿಗೆಯಿಂದ ಬಡಿದೆ. ಬೆಚ್ಚಿಬಿದ್ದು ಥ್ರಾಟಲ್ ಬಿಟ್ಟಳು. ಕೈ ಬೆಣೆಗೆ ಹೋಗಲಿಲ್ಲ.

"ಇನ್ನೊಮ್ಮೆ," ಎಂದರು ತಾಯಿ.

ಮತ್ತೆ ಏರಿಸಿದಳು. ಈ ಸಲ ಸುತ್ತಿಗೆಯನ್ನು ತಾಯಿ ನನ್ನ ಕೈಯಿಂದ ತೆಗೆದುಕೊಂಡರು. ಸೊಟ್ಟ ಮಣಿಕಟ್ಟಿನ ಕೈಯಲ್ಲಿ ಹಿಡಿದು, ಮಗಳಿಗೆ ಕಾಣದಂತೆ ಲಾರಿಯ ಹಿಂದೆ ನಿಂತು, ಒಮ್ಮೆ ಬೇಗ ಒಮ್ಮೆ ತಡವಾಗಿ ಬಡಿದರು. ಕೆಲವು ಸಲ ಮರೆತಳು, ಕೆಲವು ಸಲ ತಡ ಮಾಡಿದಳು. ಒಂದು ಸಲ ಅಳು ಬಂತು. ತಾಯಿ ನಿಲ್ಲಿಸಲಿಲ್ಲ. ನೆರಳು ಉದ್ದವಾಗುವ ಹೊತ್ತಿಗೆ ಸುತ್ತಿಗೆ ತಗಡಿಗೆ ತಾಗುವುದೂ ಇಂಜಿನ್ ಸಾಯುವುದೂ ಒಟ್ಟೊಟ್ಟಿಗೆ ಆಗತೊಡಗಿತು. ಹುಡುಗಿ ತನ್ನ ಕೈಯನ್ನೇ ಆಶ್ಚರ್ಯದಿಂದ ನೋಡಿಕೊಂಡಳು.

ಆ ಸಂಜೆಯೂ ಡೇರೆ ತುಂಬಿತ್ತು. ಹಿಂದಿನ ದಿನದ ಸುದ್ದಿ ಕೇಳಿ ಬಂದವರೇ ಹೆಚ್ಚು. ಲಾರಿ ಸುತ್ತು ಬಂತು, ಹಲಗೆ ಹತ್ತಿತು. ಹುಡುಗಿ ಥ್ರಾಟಲ್ ಬಿಟ್ಟಳು. ಇಂಜಿನ್ನಿನ ಸದ್ದು ಕೂಡಲೇ ಇಳಿದು ಗುಟುಗುಟು ಎನ್ನತೊಡಗಿತು. ಮುಂದಿನ ಚಕ್ರಗಳು ಹಳ್ಳಕ್ಕೆ ಮೆತ್ತಗೆ ಇಳಿದವು. ಅವಳು ಕೂತಲ್ಲಿಂದಲೇ ಕೈ ಚಾಚಿ ಬೆಣೆ ಕಿತ್ತಳು. ಆಮೇಲೆ ನಿಧಾನವಾಗಿ ಎದ್ದು, ಬೆಣೆ ಹಿಡಿದ ಕೈಯನ್ನೇ ಮೇಲಕ್ಕೆತ್ತಿ ಬೀಸಿದಳು.

ಜನ ಇನ್ನೇನೋ ಆಗುತ್ತದೆಂದು ಕಾದರು. ಏನೂ ಆಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಇಷ್ಟೆಯಾ?" ಎಂದರು. ಚಪ್ಪಾಳೆ ಅಲ್ಲಲ್ಲಿ ಬಿದ್ದು ಬೇಗ ನಿಂತಿತು. ಮ್ಯಾನೇಜರ್ ಬ್ಯಾಂಡಿನವರಿಗೆ ಮುಂದಿನ ಆಟಕ್ಕೆ ಸನ್ನೆ ಮಾಡಿದರು.

ಪರದೆಯ ಹತ್ತಿರ ಕೈ ಕಟ್ಟಿ ನಿಂತಿದ್ದ ತಾಯಿ, ಅಲ್ಲಿದ್ದ ಕುದುರೆಯ ಹುಲ್ಲಿನ ಕಂತೆಯ ಮೇಲೆ ಮೆಲ್ಲಗೆ ಕೂತರು. ಆಕೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.